ಪಿಕಪ್ ಬಾಡಿಯಲ್ಲಿ ಫ್ರಿಜ್ ಕಟ್ಟೋಕೆ ಯಾವ ರಬ್ಬರ್ ಹಗ್ಗ ಒಳ್ಳೆಯದು?

ಗಾಡಿ ಬ್ಯಾಟರಿಯಲ್ಲಿ ಓಡುವ 40 ಲೀಟರ್ ಫ್ರಿಜ್, ಹೊಸ ಪಿಕಪ್, ಬಾಡಿಯಲ್ಲಿ ತೂತು ಹಾಕೋಕೆ ಮನಸ್ಸಿಲ್ಲ, ಗಟ್ಟಿ ರಬ್ಬರ್ ಹಗ್ಗ ಇದ್ದರೆ ಸಾಕಲ್ವಾ ಅಂತ ಕೇಳಿದ್ದೀರಿ. ಓದಿದ ಕೂಡಲೇ ಎದೆ ಝಲ್ ಅಂತು. ನಾಲ್ಕು ವರ್ಷದ ಹಿಂದೆ ನಾನೂ ಹೀಗೇ ಲೆಕ್ಕ ಹಾಕಿದ್ದೆ. ಆದರೆ ಯಾರನ್ನೂ ಕೇಳಲಿಲ್ಲ.

ನಮ್ಮದು ಸಿಂಧನೂರು. ಪಿಕಪ್ ಇರೋದು ಭತ್ತದ ಚೀಲ ಹೊರೋಕೆ. ಆ ವರ್ಷ ಅವ್ವನನ್ನು ಕೂಡಲಸಂಗಮಕ್ಕೆ ಕರೆದುಕೊಂಡು ಹೋಗಬೇಕು, ಅಲ್ಲಿಂದ ಐಹೊಳೆ, ಪಟ್ಟದಕಲ್ಲು, ಬಾದಾಮಿ ನೋಡಿಕೊಂಡು ಬರಬೇಕು ಅಂತ ಹೊರಟೆವು. ಅವ್ವನಿಗೆ ಶುಗರ್, ದಿನಕ್ಕೆ ಎರಡು ಸಲ ಇನ್ಸುಲಿನ್. ಹೊಸ ಬಾಟಲಿಗಳು 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಮೇ ತಿಂಗಳಲ್ಲಿ ರಾಯಚೂರು ಸೀಮೆಯ ಬಿಸಿಲು 40 ದಾಟುತ್ತೆ. ಐದು ದಿನದ ತಿರುಗಾಟಕ್ಕೆ ಐಸ್ ಡಬ್ಬಿ ಆಗಲ್ಲ ಅಂತ ಫ್ರಿಜ್ ತಂದೆ.

ಕಟ್ಟಿದ್ದು ಹೇಗೆ ಅಂತ ಸರಿಯಾಗಿ ಹೇಳುತ್ತೇನೆ, ಎಡವಿದ್ದೇ ಅಲ್ಲಿ. ತೆಗೆದು ಹಾಕೋಕೆ ಸಲೀಸು ಅಂತ ಫ್ರಿಜ್ಜನ್ನು ಹಿಂದಿನ ಡೋರ್ ಪಕ್ಕದಲ್ಲೇ ಇಟ್ಟೆ. ಎರಡು ದಪ್ಪ ರಬ್ಬರ್ ಹಗ್ಗ ತಂದು ಒಂದು ಕೊಕ್ಕೆಯನ್ನು ಫ್ರಿಜ್ ಹಿಡಿಕೆಗೆ, ಇನ್ನೊಂದನ್ನು ಬಾಡಿಯ ಕೊಂಡಿಗೆ ಸಿಕ್ಕಿಸಿದೆ. ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಿದೆ. ಕದಲಲಿಲ್ಲ. ಆಯ್ತು, ಗಟ್ಟಿಯಾಗಿದೆ ಅಂದುಕೊಂಡೆ.

ಮಸ್ಕಿ ದಾಟಿ ಸ್ವಲ್ಪ ದೂರ ಹೋಗಿದ್ದೆವು. ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಅಲ್ಲೊಂದು ಹಂಪ್ ಇತ್ತು, ಬಣ್ಣ ಬಳಿದಿರಲಿಲ್ಲ. ಅದರ ಆಚೆ ಕುರಿ ಹಿಂಡು ಅಡ್ಡ ಬಂತು. ಗಾಡಿ 60 ಕಿ.ಮೀ. ವೇಗದಲ್ಲಿತ್ತು. ಬ್ರೇಕ್ ತುಳಿದೆ, ಗಾಡಿ ಹಂಪ್ ಹತ್ತಿ ಹಾರಿತು. ಹಿಂದೆ ಧಡ್ ಅಂತ ಒಂದು ಸದ್ದು. ಅದರ ಬೆನ್ನಿಗೇ ನಮ್ಮ ಬೆನ್ನ ಹಿಂದಿನ ತಗಡಿಗೆ ಯಾರೋ ಗುಂಡುಕಲ್ಲು ಎತ್ತಿ ಹಾಕಿದಂತೆ ಇನ್ನೊಂದು. ಅವ್ವ "ಏನಾತಪ್ಪಾ" ಅಂತ ಕೂಗಿದಳು.

ಇಳಿದು ನೋಡಿದರೆ ಫ್ರಿಜ್ ಬಾಡಿಯ ಆ ತುದಿಯಿಂದ ಈ ತುದಿಗೆ ಬಂದು ಮಗುಚಿ ಬಿದ್ದಿತ್ತು. ಒಂದು ಹಿಡಿಕೆ ಸ್ಕ್ರೂ ಸಮೇತ ಕಿತ್ತು ಬಂದು ರಬ್ಬರ್ ಹಗ್ಗದ ತುದಿಯಲ್ಲಿ ನೇತಾಡುತ್ತಿತ್ತು. ನಮ್ಮ ಹಿಂದೆಯೇ ಒಂದು ಬೈಕ್ ಬಂದು ನಿಂತಿತು. ಗಂಡ, ಹೆಂಡತಿ, ಟ್ಯಾಂಕ್ ಮೇಲೆ ಮಗು. ಫ್ರಿಜ್ ಮುಂದೆ ಬರುವ ಬದಲು ಹಿಂದಕ್ಕೆ ಹಾರಿದ್ದರೆ ಅವರ ಮೇಲೇ ಬೀಳುತ್ತಿತ್ತು. ಆ ಮಗುವಿನ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಫ್ರಿಜ್ಜನ್ನು ಎತ್ತಿ ನಿಲ್ಲಿಸಿದೆ. ಲೈಟ್ ಉರಿಯುತ್ತಿತ್ತು, ಮೋಟಾರ್ ಗುಂಯ್ ಅನ್ನುತ್ತಿತ್ತು. ಸದ್ಯ ಏನೂ ಆಗಿಲ್ಲ ಅಂತ ಹೊರಟೆವು. ಸಂಜೆ ಸಂಗಮದಲ್ಲಿ ಮುಚ್ಚಳ ತೆಗೆದರೆ ಒಳಗೆ 29 ಡಿಗ್ರಿ. ಮಜ್ಜಿಗೆ ಹುಳಿ ಬಂದಿತ್ತು. ಇನ್ಸುಲಿನ್ ಅಷ್ಟನ್ನೂ ಎಸೆದು ಹೊಸದು ಕೊಂಡೆ. ಊರಿಗೆ ಬಂದ ಮೇಲೆ ರಿಪೇರಿಯವನು ಬಿಚ್ಚಿ ತೋರಿಸಿದ: ಕಂಪ್ರೆಸರ್ ಹತ್ತಿರದ ತಾಮ್ರದ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು. ಗ್ಯಾಸ್ ಎಲ್ಲ ಹೋಗಿತ್ತು.

ನನ್ನ ಹಗ್ಗ ಹರಿದಿರಲಿಲ್ಲ. ಇದನ್ನು ಗಮನಿಸಿ. ನೀವು ಗಟ್ಟಿ ಹಗ್ಗ ಯಾವುದು ಅಂತ ಕೇಳುತ್ತಿದ್ದೀರಿ, ನನ್ನದು ಗಟ್ಟಿಯಾಗಿಯೇ ಇತ್ತು. ರಬ್ಬರ್ ಹಿಗ್ಗುತ್ತೆ, ತೊಂದರೆ ಅದೇ. ಖಾಲಿ ಫ್ರಿಜ್ಜೇ 15-20 ಕೆಜಿ ತೂಗುತ್ತೆ. ನೀರು, ಮಜ್ಜಿಗೆ, ಹಣ್ಣು ತುಂಬಿದರೆ 40 ಕೆಜಿ. ಗಾಡಿ ಎಗರಿದಾಗ ಆ ತೂಕ ನೆಲ ಬಿಟ್ಟು ಮೇಲೇಳುತ್ತೆ, ರಬ್ಬರ್ ಅದರ ಜೊತೆಗೇ ಉದ್ದ ಆಗುತ್ತೆ. ಆಮೇಲೆ ಕವಣೆಯ ಹಾಗೆ ಎಳೆದು ಕೆಳಕ್ಕೆ ಬಡಿಯುತ್ತೆ. ಬ್ರೇಕ್ ಹಾಕಿದಾಗಲೂ ಅಷ್ಟೇ. ಗಾಡಿ ನಿಂತರೂ ಫ್ರಿಜ್ ಓಡುತ್ತಲೇ ಇರುತ್ತೆ, ರಬ್ಬರ್ ಅದಕ್ಕೆ ಓಡೋಕೆ ಜಾಗ ಕೊಡುತ್ತೆ. ಓಡಿ ಬಂದ ತೂಕದ ಜಗ್ಗು ಪೂರ್ತಿ ಒಂದೇ ಏಟಿಗೆ ಪ್ಲಾಸ್ಟಿಕ್ ಹಿಡಿಕೆಯ ಎರಡು ಸಣ್ಣ ಸ್ಕ್ರೂ ಮೇಲೆ ಬೀಳುತ್ತೆ. ಅದು ಕೈಯಲ್ಲಿ ಎತ್ತೋಕೆ ಇರುವ ಹಿಡಿಕೆ, ಕಟ್ಟೋಕೆ ಇರುವುದಲ್ಲ. ನಿಂತ ಗಾಡಿಯಲ್ಲಿ ಕೈಯಿಂದ ಅಲ್ಲಾಡಿಸಿದರೆ ಇದು ಯಾವುದೂ ಗೊತ್ತಾಗಲ್ಲ.

ನಾನು ಇಟ್ಟ ಜಾಗವೂ ತಪ್ಪು. ಪಿಕಪ್ಪಿನ ಹಿಂದಿನ ಸ್ಪ್ರಿಂಗ್, ಅಂದರೆ ಕಮಾನ್ ಪಟ್ಟಿ, ಟನ್‌ಗಟ್ಟಲೆ ಮಾಲಿಗೆ ಮಾಡಿದ್ದು. ಖಾಲಿ ಗಾಡಿಯಲ್ಲಿ ಅದು ಬಾಗುವುದೇ ಇಲ್ಲ, ಸುಮ್ನೆ ಎಗರುತ್ತೆ. ಹಿಂದಿನ ಗಾಲಿಯಿಂದ ಆಚೆ, ಡೋರ್ ಹತ್ತಿರ, ಎಗರಾಟ ಎಲ್ಲಕ್ಕಿಂತ ಜಾಸ್ತಿ. ಕ್ಯಾಬಿನ್ ಗೋಡೆಗೆ ಹತ್ತಿರ ಇಟ್ಟರೆ ಕಡಿಮೆ, ಬ್ರೇಕ್ ಹಾಕಿದಾಗ ಓಡೋಕೂ ಜಾಗ ಇರಲ್ಲ.

ಹಾಗಾಗಿ ಹಗ್ಗದ ಮಾತು ಬಿಡಿ, ಬಾಡಿಯಲ್ಲಿ ತೂತು ಹಾಕಿಸಿ. ಹೊಸ ಗಾಡಿ ಅಂತ ಹೊಟ್ಟೆ ಉರಿಯುತ್ತೆ, ನನಗೂ ಉರಿದಿತ್ತು. ವೆಲ್ಡಿಂಗ್ ಅಂಗಡಿಯ ಕಾಕಾ ನನ್ನ ಹಗ್ಗ ಎಳೆದು ನೋಡಿ "ಹಿಗ್ಗೋ ಹಗ್ಗದಾಗ ಕಟ್ಟಿದ್ದು ಕಟ್ಟಿದಂಗಲ್ಲ ತಮ್ಮಾ" ಅಂದರು. ಅವರೇ ಒಂದು ಇಂಚಿನ ಕಬ್ಬಿಣದ ಆಂಗಲ್‌ನಲ್ಲಿ ಫ್ರಿಜ್ ತಳದ ಅಳತೆಗೆ ಚೌಕಟ್ಟು ಮಾಡಿ, ಮೂಲೆಗಳಿಗೆ ನಾಲ್ಕಿಂಚಿನ ಕಾಲು ಎಬ್ಬಿಸಿ ಕೊಟ್ಟರು. ಒಳಗೆ ಹಳೇ ಟ್ಯೂಬ್ ಕತ್ತರಿಸಿ ಹಾಸಿದೆವು. ಬಾಡಿ ತಳಕ್ಕೆ ನಾಲ್ಕು 10 ಎಂಎಂ ಬೋಲ್ಟ್, ಕೆಳಗಿನಿಂದ ಅಗಲವಾದ ವಾಷರ್, ಲಾಕ್ ನಟ್. ತಗಡಿಗೆ ಬರೀ ಸ್ಕ್ರೂ ಹೊಡೆದರೆ ಕಿತ್ತು ಬರುತ್ತೆ, ಒಪ್ಪಬೇಡಿ. ಡ್ರಿಲ್ ಹಿಡಿಯುವ ಮುಂಚೆ ಗಾಡಿ ಕೆಳಗೆ ಮಲಗಿ ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್, ವೈರ್ ಎಲ್ಲೆಲ್ಲಿದೆ ನೋಡಿ. ತೂತಿನ ಅಂಚಿಗೆ ರೆಡ್ ಆಕ್ಸೈಡ್ ಬಳಿದರೆ ತುಕ್ಕು ಹಿಡಿಯಲ್ಲ. ಭತ್ತದ ಸೀಸನ್‌ನಲ್ಲಿ ನಾಲ್ಕು ಬೋಲ್ಟ್ ಬಿಚ್ಚಿದರೆ ಬಾಡಿ ಮತ್ತೆ ಖಾಲಿ.

ಚೌಕಟ್ಟು ಜಾರದಂತೆ ಹಿಡಿಯುತ್ತೆ. ಮೇಲಕ್ಕೆ ಏಳದಂತೆ ಹಿಡಿಯೋಕೆ ಎರಡು ರ‍್ಯಾಚೆಟ್ ಬೆಲ್ಟ್ ಬೇಕು, ಲಾರಿಯವರು ಮಾಲಿಗೆ ಬಿಗಿಯುತ್ತಾರಲ್ಲ, ಅದರ ಸಣ್ಣದು. ಬೆಲ್ಟಿನ ಕೊಕ್ಕೆ ಚೌಕಟ್ಟಿಗೇ ಇರಲಿ, ಹಿಡಿಕೆಗೆ ಬೇಡ. ಮುಚ್ಚಳದ ನಡುವೆ ಹಾಕದೆ ಎರಡು ತುದಿಗೆ ಹಾಕಿ. ಜಾಸ್ತಿ ಬಿಗಿದರೆ ಮುಚ್ಚಳ ಬಾಗಿ ರಬ್ಬರ್ ಅಂಚಿನಲ್ಲಿ ಸಂದು ಬಿಡುತ್ತೆ, ತಂಪು ಸೋರುತ್ತೆ. ಗಾಳಿ ಜಾಲರಿ ಇರುವ ಕಡೆ ನಾಲ್ಕು ಬೆರಳು ಜಾಗ ಬಿಡಿ. ಬಿಸಿಲು ತಡೆಯೋಕೆ ತಾಡಪತ್ರಿಯನ್ನು ಮೇಲೆ ಎತ್ತರಕ್ಕೆ ಕಟ್ಟಿ, ಫ್ರಿಜ್ಜಿಗೆ ಸುತ್ತಬೇಡಿ.

ವೈರ್ ಬಗ್ಗೆ ಒಂದೇ ಮಾತು: ಸಿಗರೇಟ್ ಸಾಕೆಟ್ಟಿನ ಪ್ಲಗ್ ಕುಲುಕಾಟಕ್ಕೆ ಸಡಿಲ ಆಗುತ್ತೆ, ಸಣ್ಣ ವೈರಿನಲ್ಲಿ ವೋಲ್ಟೇಜ್ ಇಳಿದು ಫ್ರಿಜ್ ತಾನೇ ಆಫ್ ಆಗುತ್ತೆ. ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆಸಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿಸಿ.

ನಿಮ್ಮ ಫ್ರಿಜ್ ತಳದ ಉದ್ದ, ಅಗಲ ಅಳೆದು ಬರೆಯಿರಿ. ಜಾಲರಿ ಯಾವ ಪಕ್ಕದಲ್ಲಿದೆ ಅನ್ನೋದನ್ನೂ ಹೇಳಿ. ಕಾಕಾ ನನಗೆ ಹಾಕಿಕೊಟ್ಟ ಚೌಕಟ್ಟಿನ ಅಳತೆ ಇನ್ನೂ ನನ್ನ ಹತ್ತಿರ ಇದೆ, ಕಳಿಸುತ್ತೇನೆ.