ಘಾನಾದಲ್ಲಿ ಟಿಕೆಟ್ ಕೊಡುವವರು ಯಾರು?

ಪ್ರಶ್ನೆ: ಘಾನಾದಲ್ಲಿ ಸಂಸತ್ ಅಭ್ಯರ್ಥಿಗಳನ್ನು ಹೈಕಮಾಂಡ್ ಅಲ್ಲ, ಕಾರ್ಯಕರ್ತರೇ ಮತ ಹಾಕಿ ಆರಿಸುತ್ತಾರೆಂಬುದು ನಿಜವೇ?

ಉತ್ತರ: ಬಹುಮಟ್ಟಿಗೆ ನಿಜ. ಅಲ್ಲಿನ ಎರಡು ದೊಡ್ಡ ಪಕ್ಷಗಳಾದ ನ್ಯೂ ಪೇಟ್ರಿಯಾಟಿಕ್ ಪಾರ್ಟಿ (ಆನೆ ಗುರುತು) ಹಾಗೂ ನ್ಯಾಷನಲ್ ಡೆಮಾಕ್ರಟಿಕ್ ಕಾಂಗ್ರೆಸ್ (ಛತ್ರಿ ಗುರುತು) ಸಾಮಾನ್ಯವಾಗಿ ಕ್ಷೇತ್ರದ ಪಕ್ಷ ಪ್ರತಿನಿಧಿಗಳ ಮತದಾನದಿಂದಲೇ ಅಭ್ಯರ್ಥಿಯನ್ನು ಆರಿಸುತ್ತವೆ. 2020ರ ಜೂನ್‌ನಲ್ಲಿ, ಆಗ ಆಡಳಿತದಲ್ಲಿದ್ದ ನ್ಯೂ ಪೇಟ್ರಿಯಾಟಿಕ್ ಪಾರ್ಟಿಯ ಹಲವು ಹಾಲಿ ಸಂಸದರೇ ಈ ಒಳಚುನಾವಣೆಯಲ್ಲಿ ಸೋತರು. ಆದರೆ ಮತದಾರರು ಕಡಿಮೆಯಿದ್ದಷ್ಟೂ ಮತ ಕೊಳ್ಳುವುದು ಸುಲಭ; ಪ್ರತಿನಿಧಿಗಳಿಗೆ ಹಣ, ಉಡುಗೊರೆ ಹಂಚುವ ದೂರು ಪ್ರತಿ ಬಾರಿಯೂ ಕೇಳಿಬರುತ್ತದೆ, ಇದು ಆ ಪದ್ಧತಿಯ ನಿಜವಾದ ಗಾಯವೆಂದೇ ನನ್ನ ಭಾವನೆ.

ಪಕ್ಷದ ಆಯ್ಕೆಯೇ ಕೊನೆಯ ಮಾತಲ್ಲ ಎಂಬುದಕ್ಕೆ ಫೊಮೆನಾ ಕ್ಷೇತ್ರವನ್ನು ನೋಡಿ. ಅಲ್ಲಿನ ಅದೇ ಆಡಳಿತ ಪಕ್ಷದ ಸಂಸದ ಆಂಡ್ರೂ ಅಸಿಯಾಮಾ ಅಮೊಆಕೊ 2020ರಲ್ಲಿ ಪಕ್ಷೇತರರಾಗಿ ನಿಲ್ಲಲು ಹೊರಟಾಗ, ಪಕ್ಷ ಬಿಟ್ಟವರು ಸ್ಥಾನ ಕಳೆದುಕೊಳ್ಳಬೇಕೆನ್ನುವ ಸಂವಿಧಾನದ 97ನೇ ವಿಧಿಯಂತೆ ಅವರ ಸ್ಥಾನ ತೆರವಾಯಿತೆಂದು ಸ್ಪೀಕರ್ ಘೋಷಿಸಿದರು. ಅದೇ ವರ್ಷದ ಡಿಸೆಂಬರ್ ಚುನಾವಣೆಯಲ್ಲಿ ಜನ ಅವರನ್ನೇ ಮತ್ತೆ ಗೆಲ್ಲಿಸಿದರು. 275 ಸ್ಥಾನಗಳಲ್ಲಿ ಎರಡೂ ಪಕ್ಷಗಳಿಗೆ ತಲಾ 137 ಬಂದಿದ್ದರಿಂದ, ಅವರು ಬಿಟ್ಟುಬಂದ ಪಕ್ಷವೇ ಬಹುಮತಕ್ಕಾಗಿ ಅವರ ಬೆಂಬಲ ಪಡೆಯಬೇಕಾಯಿತು. ಅವರು ಎರಡನೇ ಉಪಸ್ಪೀಕರ್ ಆದರು.