ಮಗನಿಗೆ ಎಡಿಎಚ್‌ಡಿ, ತೂಕವೂ ಜಾಸ್ತಿ. ಕ್ಲಾಸಿಗೆ ನಮ್ಮನ್ನು ಕರೆದರೆ ಏನು ಉಪಯೋಗ?

ನಿಮ್ಮ ಎಂಟು ವರ್ಷದ ಮಗನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ತಾಳ್ಮೆ ಇರದ, ಚಡಪಡಿಕೆಯ ತೊಂದರೆ. ಅವನನ್ನು ಬಿಟ್ಟು ನಿಮ್ಮಿಬ್ಬರನ್ನೇ ಡಾಕ್ಟರ್, ಮಗುವಿನ ಊಟ-ತಿಂಡಿ, ತೂಕ ಹಿಡಿತಕ್ಕೆ ತರುವುದನ್ನು ಹೇಳಿಕೊಡುವ ಕ್ಲಾಸಿಗೆ ಬರಹೇಳಿದ್ದಾರೆ. 'ಬಾಯಿ ಕಟ್ಟೋದು ಅವನು ಕಲೀಬೇಕಲ್ವಾ, ನಾವ್ಯಾಕೆ?' ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ಇದೇ ಮಾತನ್ನು, ಸ್ವಲ್ಪ ಜೋರಾಗಿಯೇ, ಕೌನ್ಸೆಲರ್ ಮುಂದೆ ನಾನೂ ಹೇಳಿದ್ದೆ.

ನಮ್ಮದು ದಾವಣಗೆರೆ. ಸಂಜೆಯಾದರೆ ಮನೆಗೆ ಮಿರ್ಚಿ, ಮಂಡಕ್ಕಿ ಬರಲೇಬೇಕು. ತರುತ್ತಿದ್ದವನು ನಾನೇ. ಮಗನಿಗೆ ಆಗ ಒಂಬತ್ತು, ಅವನಿಗೂ ಎಡಿಎಚ್‌ಡಿ, ತೂಕವೂ ಜಾಸ್ತಿ. ನಮ್ಮಮ್ಮನ ಕೋಡುಬಳೆ ಡಬ್ಬ ಅವನ ಕೈಗೆ ಎಟುಕುವ ಕಪಾಟಿನಲ್ಲೇ ಇರುತ್ತಿತ್ತು. ಬೈಯಿಸಿಕೊಳ್ಳುತ್ತಿದ್ದವನು ಮಾತ್ರ ಅವನು.

ನಾನು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ದೀಪಾವಳಿಯ ದಿನ ಒಂದು ಪಂದ್ಯ ಕಟ್ಟಿದೆ. ಯುಗಾದಿಯೊಳಗೆ ನಾಲ್ಕು ಕೆಜಿ ಇಳಿಸಿದರೆ ಗೇರ್ ಸೈಕಲ್. ತೂಕದ ಮಷೀನ್ ತಂದು ಹಾಲ್‌ನಲ್ಲಿಟ್ಟೆ. ಪ್ರತಿ ಭಾನುವಾರ ಬೆಳಿಗ್ಗೆ ಎಲ್ಲರ ಮುಂದೆ ಅವನು ಹತ್ತಬೇಕು. ನನಗೆ ಅದು ಪ್ರೋತ್ಸಾಹ ಅನ್ನಿಸಿತ್ತು. ಮೊದಲ ವಾರ ಕುಣಿದ. ಮೂರನೇ ವಾರಕ್ಕೆ ಮರೆತ. ಆಮೇಲೆ ಮಂಚದ ಕೆಳಗೆ ಬಿಸ್ಕತ್ತಿನ ಖಾಲಿ ಪೊಟ್ಟಣ ಸಿಗತೊಡಗಿದವು. ಒಂದು ಶನಿವಾರ ರಾತ್ರಿ ಊಟಕ್ಕೆ ಕೂತಾಗ ಲೋಟ ಮುಟ್ಟಲಿಲ್ಲ. ಕೇಳಿದರೆ, 'ಅಪ್ಪಾ, ನೀರು ಕುಡಿದ್ರೆ ಸೈಕಲ್ ಹೋಗುತ್ತಾ?' ಅಂದ.

ಇದರಲ್ಲಿ ತಪ್ಪು ಒಂದಲ್ಲ, ಮೂರಿದ್ದವು. ಎಡಿಎಚ್‌ಡಿ ಇರುವ ಮಗುವಿಗೆ ಕಾಯುವುದೇ ಕಷ್ಟ, ಅದು ಆ ತೊಂದರೆಯ ಒಂದು ಲಕ್ಷಣವೇ. ಅಂಥವನಿಗೆ ಐದು ತಿಂಗಳ ಗಡುವು ಕೊಟ್ಟಿದ್ದೆ. ಎರಡನೆಯದಾಗಿ, ತೂಕ ಇಳಿಸುವುದು ಕೈಯಿಂದ ಮಾಡುವ ಕೆಲಸವಲ್ಲ. 'ಡಬ್ಬ ತೆಗೆಯೋ ಮುಂಚೆ ಕೇಳು' ಅಂದರೆ ಅವನು ಮಾಡಬಲ್ಲ. 'ಈ ವಾರ ಕಾಲು ಕೆಜಿ ಇಳಿಸು' ಅಂದರೆ ಎಲ್ಲಿಂದ ಶುರು ಮಾಡಬೇಕು, ಪಾಪ? ಇನ್ನು ಬೆಳೆಯುವ ಮಗುವಿನ ತೂಕ ಇಳಿಯಲೇಬೇಕು ಅಂತಲೂ ಇಲ್ಲವಂತೆ. ಎಷ್ಟೋ ಮಕ್ಕಳಿಗೆ ತೂಕ ಅಲ್ಲೇ ನಿಂತು ಎತ್ತರ ಬೆಳೆದರೆ ಸಾಕು. ಇದನ್ನು ಡಾಕ್ಟರ್ ಹೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ.

ಕ್ಲಾಸಿನಲ್ಲಿ ಮೊದಲ ಹೋಂವರ್ಕ್ ನನಗೇ. ಎರಡು ವಾರ ನಾನು ತಿಂದಿದ್ದೆಲ್ಲ ಬರೆಯಬೇಕಿತ್ತು. ಆ ನೋಟ್‌ಬುಕ್ ಯಾರಿಗೂ ತೋರಿಸುವ ಹಾಗಿರಲಿಲ್ಲ ಬಿಡಿ. ಆಮೇಲೆ ಮನೆಯ ರೀತಿ ಬದಲಾಯಿತು. ಡಬ್ಬ ಅಟ್ಟ ಸೇರಿತು. ಮಿರ್ಚಿ ವಾರಕ್ಕೊಮ್ಮೆ, ಎಲ್ಲರಿಗೂ. ಊಟದ ಹೊತ್ತಿಗೆ ಟಿವಿ ಬಂದ್, ನನ್ನ ಮೊಬೈಲೂ ಬಂದ್. ಮಗನಿಗೆ ಹುಣಸೆ ಬೀಜದ ಲೆಕ್ಕ: ಕೇಳಿ ತಿಂದರೆ ಒಂದು, ಕೂತು ಊಟ ಮುಗಿಸಿದರೆ ಒಂದು. ಐದಾದರೆ ಅವತ್ತೇ ರಾತ್ರಿ ನನ್ನ ಜೊತೆ ಒಂದಾಟ ಚೌಕಾಬಾರ. ನಾಳೆ ಅಂದರೆ ಕೆಟ್ಟಿತು. ಎಡವಿದರೆ ಬೀಜ ಕಿತ್ತುಕೊಳ್ಳುವ ಹಾಗಿಲ್ಲ. ಮೂರು ವಾರಕ್ಕೆ ಬೀಜವೂ ಬೇಜಾರಾಯಿತು. ಕವಡೆಗೆ ಬದಲಾಯಿಸಿದೆವು, ಮತ್ತೆ ಹುರುಪು ಬಂತು.

ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಮಾತ್ರೆ ಕೊಡುತ್ತಿದ್ದರೆ ಇನ್ನೊಂದು ವಿಷಯ. ಮಾತ್ರೆಯ ಹೊತ್ತಿನಲ್ಲಿ ಹಸಿವು ಕಮ್ಮಿ, ಅದರ ಪ್ರಭಾವ ಇಳಿದ ಮೇಲೆ ಹಸಿವು ನುಗ್ಗುತ್ತದೆ. ನಮ್ಮವನ ಟಿಫಿನ್ ಬಾಕ್ಸ್ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿತ್ತು, ಸಂಜೆ ದಾಳಿ. ಅದನ್ನು ನಾವು ಹೊಟ್ಟೆಬಾಕತನ ಅಂದುಕೊಂಡಿದ್ದೆವು! ಮಾತ್ರೆಗೆ ಮುಂಚೆ ಹೊಟ್ಟೆತುಂಬ ತಿಂಡಿ ಕೊಟ್ಟು, ಸಂಜೆ ಬರುವಷ್ಟರಲ್ಲಿ ತಟ್ಟೆಯಲ್ಲಿ ಕಾಳಿನ ಉಸಲಿ ರೆಡಿ ಇಟ್ಟ ಮೇಲೆ ಅರ್ಧ ಜಗಳ ನಿಂತಿತು. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಮಗುವೇ ಬರದೆ ಚಿಕಿತ್ಸೆ ಹೇಗೆ ಅನ್ನುವ ಅನುಮಾನಕ್ಕೆ ಕೌನ್ಸೆಲರ್ ಒಂದು ಅಧ್ಯಯನ ತೋರಿಸಿದ್ದರು. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಕೆರಿ ಬೂಟೆಲ್ ಮತ್ತು ಸಂಗಡಿಗರು ಮಾಡಿದ್ದು, 2017ರಲ್ಲಿ ಪ್ರಕಟವಾಗಿದೆ. ತೂಕ ಜಾಸ್ತಿ ಇರುವ 8ರಿಂದ 12 ವರ್ಷದ 150 ಮಕ್ಕಳು. ಅರ್ಧ ಕುಟುಂಬಗಳಲ್ಲಿ ತಂದೆತಾಯಿಗೆ ಮಾತ್ರ ಪಾಠ, ಉಳಿದವರಲ್ಲಿ ಮಕ್ಕಳಿಗೂ. ಮಕ್ಕಳ ತೂಕದ ಮಟ್ಟಿಗೆ, ಮಕ್ಕಳಿಲ್ಲದೆ ತಂದೆತಾಯಿ ಮಾತ್ರ ಬಂದರೂ ಫಲ ಕಡಿಮೆಯೇನೂ ಆಗಲಿಲ್ಲ. ಅದು ಎಡಿಎಚ್‌ಡಿಗೇ ಅಂತ ಮಾಡಿದ್ದಲ್ಲ, ಆದರೂ ನನ್ನ ಬಾಯಿ ಮುಚ್ಚಿಸಿತು.

ಡಯಟ್ ಚಾರ್ಟಾ, ಸ್ವಿಮ್ಮಿಂಗಾ ಅಂತಲೂ ಕೇಳಿದ್ದೀರಿ. ಈಜು ಇಷ್ಟವಾದರೆ ಸೇರಿಸಿ, ತೂಕದ ಮಾತೆತ್ತಬೇಡಿ. ಚಾರ್ಟ್ ಫ್ರಿಜ್ ಮೇಲೆ ಅಂಟಿಸಲಷ್ಟೇ ಚೆಂದ.

ಮೊದಲ ವರ್ಷದಲ್ಲಿ ನಮ್ಮವನು ಆರು ಸೆಂಟಿಮೀಟರ್ ಬೆಳೆದ, ಏರಿದ್ದು ಒಂದೇ ಕೆಜಿ. ಸೈಕಲ್ ಸುಮ್ನೆ ಕೊಡಿಸಿದೆ, ಯಾವ ಷರತ್ತೂ ಇಲ್ಲದೆ. ಮೊದಲ ಕ್ಲಾಸಿಗೇ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ನಾವು ಕರೆದುಕೊಂಡು ಹೋಗಿದ್ದು ಆರನೇ ಕ್ಲಾಸಿಗೆ. ಅಲ್ಲಿಯವರೆಗೆ ಅಟ್ಟದ ಡಬ್ಬ ದಿನಾ ಮಧ್ಯಾಹ್ನ ಕೆಳಗಿಳಿಯುತ್ತಿತ್ತು.