ಓದುಗರ ಪ್ರಶ್ನೆ: ಪೇಟೆಂಟ್ ಅರ್ಜಿಯ ತಾರೀಖು, ಗಡುವು ಮತ್ತು ಶುಲ್ಕ

ಪೇಟೆಂಟ್ ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ಹೋಟೆಲು ಮತ್ತು ವರ್ಕ್‌ಶಾಪು ನಡೆಸುವವರಿಂದ ಬಂದಿವೆ. ಹೆಸರುಗಳನ್ನು ಬಿಟ್ಟು, ಹಲವರಿಗೆ ಉಪಯೋಗವಾಗುವಂಥ ಪ್ರಶ್ನೆಗಳನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮಾಟುಂಗಾದಲ್ಲಿ ನಮ್ಮದೊಂದು ಉಡುಪಿ ಹೋಟೆಲಿದೆ. ದೋಸೆ ನಡುವೆ ಕರಕಲಾಗಿ ಅಂಚಿನಲ್ಲಿ ಹಸಿ ಉಳಿಯಬಾರದೆಂದು, ಕಾವಲಿಯ ಅಡಿಯಲ್ಲಿ ಬಿಸಿ ಹಂಚುವ ತೂತುಗಳ ತಟ್ಟೆಯೊಂದನ್ನು ಮಾಡಿಸಿದ್ದೇನೆ. ಎಂಟು ತಿಂಗಳಿಂದ ಅದು ಬಳಕೆಯಲ್ಲಿದೆ. ಅದರ ವಿಡಿಯೋವನ್ನು ಹೋಟೆಲಿನವರ ವಾಟ್ಸಾಪ್ ಗುಂಪಿನಲ್ಲೂ ಹಾಕಿದ್ದೆ. ಈಗ ಪೇಟೆಂಟಿಗೆ ಅರ್ಜಿ ಹಾಕಬಹುದೇ?

ಉತ್ತರ: ಅರ್ಜಿ ಹಾಕಲು ಯಾರ ಅಡ್ಡಿಯೂ ಇಲ್ಲ, ಆದರೆ ನಿಮ್ಮ ಅರ್ಜಿ ಈಗಾಗಲೇ ಒಂದು ಕಾಲು ಕುಂಟುತ್ತಿದೆ. ಅರ್ಜಿಯ ತಾರೀಖಿಗೆ ಮೊದಲೇ ಜನರಿಗೆ ಗೊತ್ತಾದ, ಬಹಿರಂಗವಾಗಿ ಬಳಕೆಗೆ ಬಂದ ವಸ್ತು ಹೊಸದಲ್ಲ ಎಂಬುದು 1970ರ ಪೇಟೆಂಟ್ ಕಾಯಿದೆಯ ಬುನಾದಿ. ಇದಕ್ಕೆ ಕಾಯಿದೆಯಲ್ಲೇ ಕೆಲವು ಸಣ್ಣ ವಿನಾಯಿತಿಗಳಿವೆ. ವಸ್ತುವಿನ ಸ್ವಭಾವದಿಂದಾಗಿ ಅದನ್ನು ಜನರೆದುರೇ ಪರೀಕ್ಷಿಸಿ ನೋಡಬೇಕಾಗಿದ್ದರೆ, ಬರೀ ಪರೀಕ್ಷೆಗಾಗಿ ಮಾಡಿದ ಅಂಥ ಬಳಕೆಯನ್ನು ಅರ್ಜಿಗೆ ಹಿಂದಿನ ಒಂದು ವರ್ಷದ ಮಟ್ಟಿಗೆ 32ನೇ ಕಲಮು ಮನ್ನಿಸುತ್ತದೆ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿದ ಪ್ರದರ್ಶನದಲ್ಲಿ ಇಟ್ಟಿದ್ದರೆ ಅಥವಾ ವಿದ್ವತ್ ಸಂಸ್ಥೆಯೊಂದರಲ್ಲಿ ಪ್ರಬಂಧ ಓದಿದ್ದರೆ 31ನೇ ಕಲಮಿನಂತೆ ಹನ್ನೆರಡು ತಿಂಗಳ ಅವಕಾಶವುಂಟು. ಎಂಟು ತಿಂಗಳು ಅದೇ ತಟ್ಟೆಯ ಮೇಲೆ ಹುಯ್ದ ದೋಸೆಯನ್ನು ಗಿರಾಕಿಗೆ ಮಾರಿದ್ದನ್ನು ಬರೀ ಪರೀಕ್ಷೆ ಎಂದು ಒಪ್ಪಿಸುವುದು ಸುಲಭವಲ್ಲ. ಗುಟ್ಟು ಕಾಯುವ ಕರಾರೇ ಇಲ್ಲದ ಗುಂಪಿಗೆ ಹೋದ ವಿಡಿಯೋವಂತೂ, ತಾರೀಖು ಸಮೇತ ನೀವೇ ಎದುರಾಳಿಯ ಕೈಗೆ ಕೊಟ್ಟ ಸಾಕ್ಷಿ.

ಹಾಗೆಂದು ಕೈಚೆಲ್ಲಬೇಕಾಗಿಲ್ಲ. ವಿಡಿಯೋ ಹಾಕಿದ ಮೇಲೆ ತಟ್ಟೆಯಲ್ಲಿ ಏನಾದರೂ ಬದಲಾಯಿಸಿದ್ದೀರಾ, ಆ ಬದಲಾವಣೆಯಿಂದ ಮೊದಲು ಸಿಗದ ಫಲ ಸಿಕ್ಕಿದೆಯೇ ಎಂದು ನೋಡಿ. ಇದ್ದರೆ ಅದನ್ನು ಯಾರಿಗೂ ತೋರಿಸದೆ ಅರ್ಜಿ ಸಲ್ಲಿಸಿ. ಅರ್ಜಿಯೊಂದಿಗೆ ಕೊಡುವ ವಿವರಣಾಪತ್ರದಲ್ಲಿ “ಬಿಸಿಯನ್ನು ಸಮನಾಗಿ ಹಂಚುವ ತಟ್ಟೆ” ಎಂದಷ್ಟೇ ಬರೆದರೆ ಸಾಲದು. ತಟ್ಟೆಯ ದಪ್ಪ, ತೂತುಗಳ ಅಳತೆ ಮತ್ತು ಅಂತರ, ಬರ್ನರಿನಿಂದ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನೆಲ್ಲ, ಕಸುಬು ಬಲ್ಲ ಇನ್ನೊಬ್ಬ ಓದಿ ಮಾಡುವಷ್ಟು ಬಿಡಿಸಿ ಬರೆಯಬೇಕು. ನಿಮಗೆ ತಿಳಿದ ಅತ್ಯುತ್ತಮ ವಿಧಾನವನ್ನು ಬಚ್ಚಿಟ್ಟುಕೊಂಡು ಪೇಟೆಂಟ್ ಕೇಳುವಂತಿಲ್ಲ.

ಪ್ರಶ್ನೆ: ಊರು ಹುಬ್ಬಳ್ಳಿ, ವಾಸ ಮತ್ತು ಕೆಲಸ ಪಿಂಪ್ರಿಯಲ್ಲಿ. ಅರ್ಜಿ ಯಾವ ಕಚೇರಿಗೆ? ಕನ್ನಡದಲ್ಲಿ ಬರೆಯಬಹುದೇ?

ಉತ್ತರ: ವಾಸವೂ ಕೆಲಸವೂ ಪುಣೆಯ ಕಡೆ ಇರುವುದರಿಂದ ಮುಂಬೈ ಆಂಟಾಪ್ ಹಿಲ್‌ನ ಕಚೇರಿಯೇ ನಿಮ್ಮದು, ಮಹಾರಾಷ್ಟ್ರ, ಗೋವಾ, ಗುಜರಾತ್‌ಗಳೆಲ್ಲ ಅದರ ವ್ಯಾಪ್ತಿಯಲ್ಲಿವೆ. ಕರ್ನಾಟಕ ಚೆನ್ನೈ ಕಚೇರಿಗೆ ಸೇರುತ್ತದೆ. ಅರ್ಜಿಯನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲೇ ಸಲ್ಲಿಸಬೇಕು ಎಂಬ ನಿಯಮ ನನಗೂ ಇಷ್ಟವಿಲ್ಲ, ಆದರೆ ಅದು ನಿಯಮ. ಕನ್ನಡದಲ್ಲಿ ಬರೆದುಕೊಂಡು ನಂಬಿಕಸ್ತರಿಂದ ಅನುವಾದ ಮಾಡಿಸಿ.

ಪ್ರಶ್ನೆ: ಭೋಸರಿಯ ನನ್ನ ವರ್ಕ್‌ಶಾಪಿನ ಒಂದು ಫಿಕ್ಸ್‌ಚರಿಗೆ ತಾತ್ಕಾಲಿಕ ವಿವರಣಾಪತ್ರ (ತಾರೀಖು ಹಿಡಿದಿಡಲು ಮೊದಲು ಕೊಡುವ ವಿವರಣೆ) ಸಲ್ಲಿಸಿದ್ದೇನೆ. ಇನ್ನು ಕಾಯುವುದಷ್ಟೇ ತಾನೇ?

ಉತ್ತರ: ಕಾಯುತ್ತ ಕುಳಿತೇ ಅರ್ಜಿ ಕಳೆದುಕೊಂಡವರನ್ನು ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಬ್ಬರು ಪ್ಲಾಸ್ಟಿಕ್ ಹಾಳೆಯೊಳಗೆ ಭದ್ರವಾಗಿಟ್ಟ ರಸೀದಿಯನ್ನು ತಂದು ನನ್ನೆದುರು ಇಟ್ಟರು. ಅದರ ಮೇಲಿನ ತಾರೀಖಿಗೆ ಹದಿಮೂರು ತಿಂಗಳಾಗಿತ್ತು. ತಾತ್ಕಾಲಿಕ ಪತ್ರದ ತಾರೀಖಿನಿಂದ ಹನ್ನೆರಡು ತಿಂಗಳೊಳಗೆ ಸಂಪೂರ್ಣ ವಿವರಣಾಪತ್ರ ಬರಲೇಬೇಕು, ಬಾರದಿದ್ದರೆ ಅರ್ಜಿ ಕೈಬಿಟ್ಟಂತೆ. ಆ ರಸೀದಿಗೆ ಬೆಲೆ ಉಳಿದಿರಲಿಲ್ಲ.

ಅಷ್ಟಕ್ಕೇ ಮುಗಿಯುವುದಿಲ್ಲ. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಕಚೇರಿಯವರು ಅದನ್ನು ಪರೀಕ್ಷಿಸುವುದಿಲ್ಲ. ಪರೀಕ್ಷಿಸಿ ಎಂದು 18ನೇ ನಮೂನೆಯಲ್ಲಿ ಬೇರೆಯಾಗಿ ಕೋರಬೇಕು. ಇದಕ್ಕೆ ಮೊದಲು 48 ತಿಂಗಳ ಅವಧಿಯಿತ್ತು. 2024ರ ಮಾರ್ಚ್ 15ರಂದು ಜಾರಿಗೆ ಬಂದ ತಿದ್ದುಪಡಿಯಿಂದ, ಆ ದಿನ ಮತ್ತು ಅದರ ನಂತರ ಸಲ್ಲಿಸಿದ ಅರ್ಜಿಗಳಿಗೆ ಅದು 31 ತಿಂಗಳಿಗೆ ಇಳಿದಿದೆ. ಹಳೆಯ ಲೆಕ್ಕವನ್ನೇ ಹೇಳುವ ಸಲಹೆಗಾರರು ಇನ್ನೂ ಇದ್ದಾರೆ, ಎಚ್ಚರವಿರಲಿ. ಮುಂದೆ ಪರೀಕ್ಷಕರ ಮೊದಲ ವರದಿ ಆಕ್ಷೇಪಗಳೊಂದಿಗೆ ಬರುತ್ತದೆ. ಆಕ್ಷೇಪ ಬಂದರೆ ಗಾಬರಿಯಾಗಬೇಡಿ, ಬಾರದಿದ್ದರೇ ಆಶ್ಚರ್ಯ. ಆರು ತಿಂಗಳಲ್ಲಿ ಉತ್ತರಿಸಬೇಕು. ಶುಲ್ಕ ಕಟ್ಟಿ ಇನ್ನು ಮೂರು ತಿಂಗಳು ಪಡೆಯಬಹುದು.

ಪ್ರಶ್ನೆ: ವಕೀಲರ ಖರ್ಚು ಬಿಟ್ಟು, ಸರ್ಕಾರಕ್ಕೆ ಕಟ್ಟಬೇಕಾದದ್ದು ಎಷ್ಟು?

ಉತ್ತರ: ವ್ಯಕ್ತಿಗಳಿಗೆ, ಸ್ಟಾರ್ಟಪ್, ಸಣ್ಣ ಉದ್ದಿಮೆ ಮತ್ತು ಶಿಕ್ಷಣ ಸಂಸ್ಥೆಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ 1,600 ರೂಪಾಯಿ, ಉಳಿದವರಿಗೆ 8,000. ಇದರಲ್ಲಿ 30 ಪುಟ ಮತ್ತು 10 ಹಕ್ಕುಸಾಧನೆಗಳು (ನಿಮ್ಮದೆಂದು ಹಕ್ಕು ಕೇಳುವ ಒಂದೊಂದು ಅಂಶ) ಸೇರಿವೆ. ಮೇಲಿನ ಪ್ರತಿ ಪುಟಕ್ಕೆ ಮೊದಲ ಗುಂಪಿನವರಿಗೆ 160, ಪ್ರತಿ ಹಕ್ಕುಸಾಧನೆಗೆ 320. ನಿಮ್ಮ ವಿವರಣಾಪತ್ರ 36 ಪುಟ, 13 ಹಕ್ಕುಸಾಧನೆಗಳದ್ದಾದರೆ 1,600ಕ್ಕೆ 960 ಮತ್ತು 960 ಕೂಡಿ 3,520 ಆಗುತ್ತದೆ. ಪರೀಕ್ಷೆಯ ಕೋರಿಕೆಗೆ ಇದೇ ಗುಂಪಿನವರಿಗೆ ಇನ್ನು 4,000. ಪೇಟೆಂಟ್ ಸಿಕ್ಕರೆ ಮೂರನೆಯ ವರ್ಷದಿಂದ ನವೀಕರಣ ಶುಲ್ಕವಿದೆ. ಇಪ್ಪತ್ತು ವರ್ಷ ಎಣಿಸುವುದು ಅರ್ಜಿಯ ತಾರೀಖಿನಿಂದ, ಪೇಟೆಂಟ್ ಕೈಗೆ ಬಂದ ದಿನದಿಂದಲ್ಲ.

ಪ್ರಶ್ನೆ: ಮಡಗಾಂವ್‌ನಲ್ಲಿ ಅಜ್ಜಿಯ ಕಾಲದ ಕ್ರಮದಂತೆ ಕೋಕಂ ಪಾನಕ ಮಾಡಿ ಮಾರುತ್ತೇವೆ. ಈ ಪಾಕಕ್ಕೆ ಪೇಟೆಂಟ್ ಸಿಕ್ಕೀತೇ?

ಉತ್ತರ: ಸಿಗದು. ಪಾರಂಪರಿಕ ಜ್ಞಾನವನ್ನೂ, ಗೊತ್ತಿರುವ ಪದಾರ್ಥಗಳ ಗುಣಗಳನ್ನಷ್ಟೇ ಕೂಡಿಸುವ ಬರೀ ಮಿಶ್ರಣವನ್ನೂ 3ನೇ ಕಲಮು ಹೊರಗಿಟ್ಟಿದೆ. ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟಿದ್ದ ಪೇಟೆಂಟ್ 1997ರಲ್ಲಿ ರದ್ದಾದದ್ದು ನೆನಪಿರಬಹುದು. ನಮ್ಮಲ್ಲಿ ಇದು ಮೊದಲೇ ಗೊತ್ತಿತ್ತೆಂದು ಹಳೆಯ ಬರಹಗಳ ಆಧಾರ ಕೊಟ್ಟು ಅದನ್ನು ರದ್ದುಮಾಡಿಸಿದ್ದು ಕೇಂದ್ರ ಸರ್ಕಾರದ ವೈಜ್ಞಾನಿಕ ಸಂಶೋಧನಾ ಸಂಸ್ಥೆಯಾದ ಸಿಎಸ್‌ಐಆರ್. ಆಗ ಅದರ ಮುಖ್ಯಸ್ಥರಾಗಿದ್ದ ರಘುನಾಥ ಮಾಶೇಲ್ಕರ್ ನಿಮ್ಮ ಗೋವಾದ ಮಾಶೇಲ್ ಊರಿನವರೇ. ಆ ವಾದದಿಂದ ಅಜ್ಜಿಯ ಪಾಕವನ್ನು ಬೇರೆಯವರು ಕಬಳಿಸುವುದು ತಪ್ಪುತ್ತದೆ. ಅದೇ ವಾದ ನಿಮಗೂ ಅನ್ವಯಿಸುತ್ತದೆ. ಬಾಟಲಿಯ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಿ. ನಿಮಗೆ ಕೆಲಸಕ್ಕೆ ಬರುವುದು ಅದು.

ಪ್ರಶ್ನೆ: ಅರ್ಜಿ ಪ್ರಕಟವಾಗಿದೆ. ಡಬ್ಬಿಯ ಮೇಲೆ “ಪೇಟೆಂಟ್ ಪಡೆದಿದೆ” ಎಂದು ಅಚ್ಚು ಹಾಕಿಸಲೇ?

ಉತ್ತರ: ಬೇಡ. ಹದಿನೆಂಟು ತಿಂಗಳ ನಂತರ ಅರ್ಜಿ ಪ್ರಕಟವಾಗುವುದು ಎಲ್ಲರದ್ದೂ ಆಗುತ್ತದೆ, ಅದು ಮಂಜೂರಾತಿಯಲ್ಲ. ಇಲ್ಲದ ಪೇಟೆಂಟ್ ಇದೆ ಎಂದು ಸಾರಿದರೆ 120ನೇ ಕಲಮಿನಂತೆ ಹತ್ತು ಲಕ್ಷ ರೂಪಾಯಿಯವರೆಗೂ ದಂಡ ಬೀಳಬಹುದು. ಪೇಟೆಂಟ್‌ಗೆ ಅರ್ಜಿ ಸಲ್ಲಿಸಲಾಗಿದೆ ಎಂದು ಅರ್ಜಿಯ ಸಂಖ್ಯೆಯೊಡನೆ ಅಚ್ಚು ಹಾಕಿಸಿ. ನಕಲು ಮಾಡಿದವರ ಮೇಲೆ ದಾವೆ ಹೂಡುವುದು ಮಾತ್ರ ಪೇಟೆಂಟ್ ಮಂಜೂರಾದ ಮೇಲೆಯೇ.